ಜೀನ್ಸ್ ಬಟ್ಟೆಯ ಮೇಲಿನ ಚಂದ್ರ

ಕುರುಗೋಡಿನ ಕಾವೇರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಓಣಿಯವರು ಆಡಿಕೊಳ್ಳುವುದುಂಟು. ಆಡಿಕೊಳ್ಳಲಿ. ಬೆಳಗ್ಗೆ ಐದಕ್ಕೆದ್ದು, ರೊಟ್ಟಿ ಬಡಿದು, ಬಸ್ ಹಿಡಿದು ಬಳ್ಳಾರಿಗೆ ಹೋಗಿ, ದಿನವಿಡೀ ಜೀನ್ಸ್ ಪ್ಯಾಂಟು ಹೊಲಿದು, ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವ ಹೆಂಗಸಿಗೆ ಸಿಟ್ಟು ಇನ್ನೆಲ್ಲಿರಬೇಕು? ಅದೇ ಹೆಂಗಸು ಒಂದು ಲೋಟ ಚಹಾ ಕುಡಿದು ಮಾಳಿಗೆ ಹತ್ತಿ, ಓಣಿಯ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಆಕಾಶ ತೋರಿಸುತ್ತಾಳಲ್ಲ, ಅದನ್ನು ಮಾತ್ರ ಯಾರೂ ಎತ್ತುವುದಿಲ್ಲ. ಅಡುಗೆ ಮಾಡುವ ಹೊತ್ತಿಗೆ ಮಕ್ಕಳು ಕಾಲಿಗೆ ಅಡ್ಡ ಬರದಿದ್ದರೆ ಯಾರಿಗೆ ಬೇಡ!

ಈ ಆಕಾಶದ ಹುಚ್ಚು ಹತ್ತಿಸಿದ್ದು ಅವಳ ಮಗಳು ಜಂಬಮ್ಮ. ಅಜ್ಜಿಯ ಹೆಸರು ಹೊತ್ತ, ಐದನೇ ತರಗತಿಯ, ಕಡ್ಡಿಯಂಥ ಹುಡುಗಿ. ಎಲ್ಲರ ಬಾಯಲ್ಲೂ ಜಂಬಿ. ಹೋದ ದೀಪಾವಳಿಯಲ್ಲಿ ಪಟಾಕಿ ಬೇಡ, ದೂರದರ್ಶಕ ಬೇಕು ಎಂದು ಹಟ ಹಿಡಿದಳು. ಅಂಗಡಿಯಲ್ಲಿ ಬೆಲೆ ಕೇಳಿದ ಕಾವೇರಿ "ಅಷ್ಟರಾಗ ಒಂದು ಹೊಲಿಗಿ ಮಷೀನ್ ಬರತೈತಿ" ಎಂದು ಹೊರಗೆ ಬಂದಳು. ಬಂದು ಸುಮ್ಮನಿದ್ದಳೇ? ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದಾಗಲೇ ಮದುವೆಯಾಗಿ ಪುಸ್ತಕ ಮಡಚಿಟ್ಟವಳು ಅವಳು. ಎರಡು ಗಾಜಿದ್ದರೆ ದೂರದರ್ಶಕವಾಗುತ್ತದೆ ಎಂಬುದು ಇನ್ನೂ ಮರೆತಿರಲಿಲ್ಲ. ಸೀದಾ ಕನ್ನಡಕದ ಅಂಗಡಿಗೆ ಹೋಗಿ, "ಪ್ಲಸ್ ಒಂದು ನಂಬರಿಂದು ಚಾಳೀಸಿನ ಗಾಜು ಕೊಡ್ರಿ. ಕತ್ತರಿಸಬ್ಯಾಡ್ರಿ, ಗುಂಡಗ ಇರಲಿ" ಎಂದಳು. ಅಂಗಡಿಯವನು ಮೊದಲು ಕಣ್ಣು ಪರೀಕ್ಷೆಗೆ ಕೂರಿ ಎಂದ. "ನನ್ನ ಕಣ್ಣು ಚಲೋ ಅದಾವ್ರಿ. ಪೈಪಿಗೆ ಹಾಕಾಕ ಬೇಕು" ಎಂದಾಗ ಅವನ ಮುಖ ನೋಡಬೇಕಿತ್ತು.

ಕಣ್ಣಿಡುವ ತುದಿಗೆ ಗಡಿಯಾರ ರಿಪೇರಿಯ ಹುಲುಗಪ್ಪನ ಹಳೆಯ ಭೂತಗನ್ನಡಿ ಸಿಕ್ಕಿತು. ಮನೆಯಲ್ಲಿ ನೀರಿನ ಪೈಪು ಒಂದು ಮೀಟರಿನಷ್ಟು ಮಿಕ್ಕಿತ್ತು. ಅದರೊಳಗೆ ಕಪ್ಪು ಬಣ್ಣ ಬಳಿದು, ಎರಡು ತುದಿಗೆ ಎರಡು ಗಾಜು ಕೂರಿಸಿ, ಮುರುಕು ಕುರ್ಚಿಯ ಬೆನ್ನಿಗೆ ಹಗ್ಗದಿಂದ ಬಿಗಿದರು. ಅಷ್ಟೇ. ಮೊದಲ ಸಂಜೆ ಕಣ್ಣು ಹಚ್ಚಿದ ಜಂಬಿಗೆ ಚಂದ್ರನ ಕುಳಿಗಳು ಸಿಡುಬಿನ ಕಲೆಯಂತೆ ಕಂಡವು. ಅವಳು ಕಿರುಚಿದ್ದು ಮೂರು ಮನೆಯಾಚೆ ಕೇಳಿತು.

"ಅವ್ವಾ! ಚಂದ್ರನ ಮೈತುಂಬ ಅಮ್ಮ ಎದ್ದಾಳ!"

ಆ ಪೈಪಿನಲ್ಲಿ ಒಂದೇ ತರಲೆ. ಕಂಡದ್ದೆಲ್ಲ ತಲೆಕೆಳಗು. ಎದುರಿನ ಬೆಟ್ಟ ಬಾವಲಿಯಂತೆ ನೇತಾಡುತ್ತದೆ. ಚಂದ್ರ ನಮ್ಮ ಪೈಪಿನಾಗ ಶೀರ್ಷಾಸನ ಹಾಕ್ತಾನ ಎಂದು ಮಕ್ಕಳು ಅದಕ್ಕೂ ಒಗ್ಗಿಕೊಂಡರು. ಕುಡತಿನಿಯ ವಿದ್ಯುತ್ ಸ್ಥಾವರದ ಬೆಳಕು ಆ ಕಡೆಯ ಆಕಾಶವನ್ನು ಮಂಕು ಮಾಡುತ್ತಿತ್ತು. ಕಾವೇರಿಯ ಗಂಡ ಪ್ರಭುಲಿಂಗ ಅಲ್ಲೇ ಪಾಳಿಯ ಮೇಲೆ ದುಡಿಯುವವನು. "ನಿಮ್ಮಪ್ಪ ದೀಪ ಆರಿಸಿ ಬರಬಾರದೇನಲೇ?" ಎಂದು ಮಕ್ಕಳು ಜಂಬಿಯನ್ನು ಕಾಡುತ್ತಿದ್ದರು.

ಇನ್ನು ಪ್ರಶ್ನೆಗಳು! ಪಕ್ಕದ ಮನೆಯ ವೀರೇಶ ಒಂದು ದಿನ ಕೇಳಿದ. "ಕಾವೇರಕ್ಕ, ಚಂದ್ರ ಯಾಕ ಬೀಳವಲ್ಲ?"

"ಬೀಳಾಕತ್ಯಾನಲೇ. ಯಾವಾಗ್ಲೂ ಬೀಳಾಕತ್ಯಾನ. ಆದ್ರ ಅಡ್ಡಲಾಗಿ ಅಷ್ಟ ಜೋರು ಓಡಾಕತ್ಯಾನ. ಅಂವ ಬೀಳೋದ್ರೊಳಗ ಭೂಮಿ ಗುಂಡಗ ಬಗ್ಗಿ ಕೆಳಗ ಜಾರಿರತೈತಿ. ಹಿಂಗಾಗಿ ಅವಂಗ ನೆಲಾನ ಸಿಗವಲ್ದು."

"ಪಾಪ" ಎಂದ ವೀರೇಶ, ನಿಜವಾಗಿಯೂ ಮರುಗಿ.

ರಶ್ಮಿ ಎಂಬ ಹುಡುಗಿಗೆ ಬೇರೆ ಚಿಂತೆ. ಅಲ್ಲಿ ಗಾಳಿಯಿಲ್ಲವಲ್ಲ, ಒಗೆದ ಅರಿವೆ ಒಣಗುತ್ತವೋ ಇಲ್ಲವೋ? ಕಾವೇರಿ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳುವವಳು. ಬಸ್ಸಿನಲ್ಲಿ ಕೂತು ಫೋನಿನಲ್ಲಿ ಓದಿ, ಮರುದಿನ ಬಂದು ಹೇಳಿದಳು. "ಇನ್ನೂ ಲಗೂ ಒಣಗತಾವಂತ. ಮ್ಯಾಲೆ ಗಾಳಿ ಒತ್ತೋದಿಲ್ಲ ನೋಡು, ನೀರು ತಾನ ಕುದ್ದು ಹಾರಿ ಹೋಗತೈತಿ. ಅರಿವಿ ಹಪ್ಪಳ ಆಗಿ ನಿಲ್ತಾವ." ಜಂಬಿಯದು ಎಲ್ಲರಿಗಿಂತ ಆಳದ ಪ್ರಶ್ನೆ. "ಅವ್ವ, ನಕ್ಷತ್ರದ ಬೆಳಕು ಹಳೇದು ಅಂತಿ. ಹಂಗಾರ ನಾವು ಈಗಿಂದು ಏನೂ ನೋಡಾಕತ್ತಿಲ್ಲೇನು?"

"ಇಲ್ಲ. ನನ್ನ ಮುಖಾನೂ ಒಂಚೂರು ಹಳೇದ."

"ನಿಂದು ಭಾಳ ಹಳೇದು" ಎಂದು ಜಂಬಿ ಓಡಿದಳು.

ಮಾಘದ ಶುಕ್ಲ ಅಷ್ಟಮಿಯ ಸಂಜೆ ಜಂಬಿ ಚಂದ್ರನನ್ನು ಬರೆಯಲು ಕೂತಳು. ಬಿಳಿ ಹಾಳೆ ಆಕಾಶದ ಹಾಗಿಲ್ಲ ಎಂದು ಅವಳ ತಕರಾರು. ಹೊಲಿಗೆ ಮನೆಯಲ್ಲಿ ಬಿಸಾಡಿದ ಕಡುನೀಲಿ ಜೀನ್ಸಿನ ತುಂಡು, ಗುರುತು ಹಾಕುವ ಬಿಳಿ ಚಾಕ್‌ಪೀಸು, ಅದೇ ಸಾಮಾನು. ಒಂದು ಸಲ ಪೈಪಿಗೆ ಕಣ್ಣು, ಒಂದು ಸಲ ಬಟ್ಟೆಗೆ ಕೈ. ಒಂದೂವರೆ ತಾಸು ಕುತ್ತಿಗೆ ನೋವೆನ್ನದೆ ಬರೆದಳು. ಅಂಚಿನ ಹತ್ತಿರ ಮಿಕ್ಕವುಗಳಿಂದ ದೂರ ಕೂತ ಒಂದು ಗುಂಡು ಕಲೆಯಿತ್ತು. ಅದಕ್ಕೆ 'ಮುನಿಸಿಕೊಂಡ ಕೆರಿ' ಎಂದು ಹೆಸರನ್ನೂ ಇಟ್ಟಳು.

ಸಿರುಗುಪ್ಪದ ವಿಜ್ಞಾನ ಗೆಳೆಯರ ಬಳಗವೊಂದು ಸುತ್ತಲ ಊರುಗಳ ಮಕ್ಕಳಿಗೆ ವಸ್ತುಪ್ರದರ್ಶನ ಇಟ್ಟಿತ್ತು. ಪೈಪನ್ನೂ ಚಿತ್ರವನ್ನೂ ಅಲ್ಲಿಗೆ ಒಯ್ಯುವುದೆಂದಾಯಿತು. ಆದರೆ ಬಟ್ಟೆಯ ಮೇಲಿನ ಚಾಕ್‌ಪೀಸು ಬಸ್ಸಿನ ನೂಕಾಟದಲ್ಲಿ ಉಳಿಯುತ್ತದೆಯೇ? ಹಿಂದಿನ ರಾತ್ರಿ ಮಗಳು ಮಲಗಿದ ಮೇಲೆ ಕಾವೇರಿ ಒಂದು ಕಪ್ಪು ಡ್ರಾಯಿಂಗ್ ಹಾಳೆ ಹಾಸಿ, ಬಟ್ಟೆಯನ್ನು ಅದರ ಮೇಲೆ ಮುಖ ಅಡಿಯಾಗಿ ಇಟ್ಟು, ಅಂಗೈಯಿಂದ ಪಟಪಟ ಬಡಿದಳು. ಅದು ಅವಳು ದಿನಕ್ಕೆ ನೂರು ಸಲ ಮಾಡುವ ಕೆಲಸ, ಕೈಗೆ ಯೋಚನೆಯೇ ಬೇಡ. ಬಟ್ಟೆ ಎತ್ತಿದರೆ ಚಂದ್ರ ಹಾಳೆಗೆ ಇಳಿದಿದ್ದ. ಬಿಳಿ ಪೆನ್ಸಿಲಿನಿಂದ ಗೆರೆಗಳನ್ನು ಗಟ್ಟಿ ಮಾಡಿ, ಬಟ್ಟೆಯನ್ನು ಕೊಡವಿ ಮಡಚಿಟ್ಟಳು. ಬೆಳಗ್ಗೆ ಬಸ್ಸಿನ ಅವಸರದಲ್ಲಿ ಜಂಬಿ "ಚಂದ ಆಗೇತವ್ವ" ಎಂದು, ಹಾಳೆಯ ಅಡಿಯಲ್ಲಿ ಗುಂಡಗೆ ಬರೆದಳು: 'ಇದು ನಾನೇ ನೋಡಿದ ಚಂದ್ರ. ಪೈಪಿನಲ್ಲಿ ತಲೆಕೆಳಗಾಗಿ ಕಾಣುತ್ತಾನೆ.'

ತೀರ್ಪುಗಾರರು ಮರಿಬಸಪ್ಪ ಸರ್. ಭೌತಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು, ಕನ್ನಡಕ ಹಣೆಯ ಮೇಲೆ. ಹಾಳೆಯನ್ನು ಎತ್ತಿ ನೋಡಿದರು, ತಿರುಗಿಸಿ ನೋಡಿದರು, ಫೋನಿನಲ್ಲಿದ್ದ ಚಂದ್ರನ ಪಕ್ಕ ಇಟ್ಟು ನೋಡಿದರು.

"ನಿನ್ನ ಪೈಪಿನಾಗ ಕನ್ನಡಿ ಐತೇನವ್ವ?"

"ಇಲ್ರಿ ಸರ್. ಎರಡ ಗಾಜು."

"ಖರೇನ?"

"ಖರೇನ್ರಿ."

ಸರ್ ನಿಟ್ಟುಸಿರು ಬಿಟ್ಟರು. "ಬರೇ ಗಾಜಿದ್ರ ಚಂದ್ರ ತಲಿಕೆಳಗ ಕಾಣಬೇಕು. ಹಾಳಿ ಬುಡಮೇಲು ಮಾಡಿದ್ರ ಸರಿ ಹೊಂದಬೇಕು. ಇದು ಹೆಂಗ ತಿರುಗಿಸಿದ್ರೂ ಹೊಂದವಲ್ದು. ಈ ಗುಂಡು ಕಲಿ ನೋಡು, ಒಂದು ಸಲಾನೂ ತನ್ನ ಜಾಗಕ್ಕ ಬರವಲ್ದು. ಇದು ಕನ್ನಡಿಯೊಳಗಿನ ಚಂದ್ರ. ಕೆಲವು ದೂರದರ್ಶಕದಾಗ ಕಣ್ಣಿಡೋ ಕಡಿಗೆ ಒಂದು ಓರೆ ಕನ್ನಡಿ ಹಾಕಿರ್ತಾರ, ಅದರಾಗ ತೆಗೆದ ಫೋಟೊ ಹಿಂಗಿರತಾವ. ಅದನ್ನ ನೋಡಿ ಬರದೀಯವ್ವ. ಬರದಿದ್ದು ತಪ್ಪಲ್ಲ. ನಾನ ನೋಡೀನಿ ಅಂದಿದ್ದು ತಪ್ಪು."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಷ್ಟು ಮೆತ್ತಗೆ ಹೇಳಿದ್ದಕ್ಕೆ ಸುತ್ತ ನಿಂತವರೆಲ್ಲ ನಂಬಿದರು. ಕಾವೇರಿ ಮೇಜಿನ ಮುಂದೆ ಬಂದು ನಿಂತಳು.

"ನನ್ನ ಮಗಳು ಸುಳ್ಳು ಹೇಳಾಂಗಿಲ್ರಿ!"

"ಅಮ್ಮಾ, ನೀವು ತಾಯಿ, ಹಂಗ ಹೇಳಾಕ ಬೇಕು. ಚಂದ್ರ ಬ್ಯಾರೆ ಹೇಳಾಕತ್ಯಾನ" ಎಂದು ಸರ್ ತಮ್ಮ ಹಾಳೆಯಲ್ಲಿ 'ಸ್ವಂತ ವೀಕ್ಷಣೆಯಲ್ಲ' ಎಂದು ಬರೆದು ಮುಂದಿನ ಮೇಜಿಗೆ ಹೋದರು. ಪೈಪು ಅಲ್ಲೇ ಮೇಜಿನ ಮೇಲೆ ಮಲಗಿತ್ತು.

ಸೋಮವಾರ ಶಾಲೆಗೆ ಸುದ್ದಿ ಮುಟ್ಟಿತು. ಸುಳ್ಳಬುರುಕಿ ಜಂಬಿ ಎಂದು ಹೆಸರೂ ಬಿತ್ತು. ಸಂಜೆ ಕಾವೇರಿ ಬಂದು ನೋಡಿದರೆ ಪೈಪನ್ನು ಜಂಬಿ ಮಂಚದ ಕೆಳಗೆ ತಳ್ಳಿಬಿಟ್ಟಿದ್ದಳು. ಓಣಿಯ ಮಕ್ಕಳು ಬಾಗಿಲವರೆಗೆ ಬಂದು ತಿರುಗಿ ಹೋದರು. ಜಪ್ಪಯ್ಯ ಅಂದರೂ ಜಂಬಿ ಮಾಳಿಗೆ ಹತ್ತಲಿಲ್ಲ.

"ಯಾರೋ ಏನೋ ಅಂದ್ರ ನೋಡೋದು ಬಿಡತಾರೇನ?" ಎಂದಳು ಕಾವೇರಿ.

"ಅದಕ್ಕಲ್ಲವ್ವ. ಗುಂಡು ಕಲಿ ಆ ಕಡಿಗೆ ಇತ್ತೋ ಈ ಕಡಿಗೆ ಇತ್ತೋ, ಈಗ ನನಗ ನೆನಪಾಗವಲ್ದು. ನಾ ನೋಡಿದ್ದು ನನಗ ಖರೇ ಅನಸವಲ್ದು. ನನ್ನ ಕಣ್ಣ ಸರಿ ಇಲ್ಲೇನ?"

ಹತ್ತು ವರ್ಷದ ಮಗು ತನ್ನ ಕಣ್ಣನ್ನೇ ನಂಬದಿದ್ದರೆ ತಾಯಿ ಎಲ್ಲಿಗೆ ಹೋಗಬೇಕು, ನೀವೇ ಹೇಳಿ. ಕಾವೇರಿ ಹಾಳೆ ಹಿಡಿದು ಕೂತಳು. ಫೋನಿನಲ್ಲಿ ಚಂದ್ರನನ್ನು ತೆರೆದು ಹಾಗೆ ಇಟ್ಟಳು, ಹೀಗೆ ಇಟ್ಟಳು. ಹೊಂದಲಿಲ್ಲ. ಸಂಜೆಯ ಆಕಾಶದಲ್ಲಿ ಈಗ ಚಂದ್ರನೂ ಇರಲಿಲ್ಲ, ನೋಡಿ ತಾಳೆ ಹಾಕೋಣವೆಂದರೆ. ಮೂರನೆಯ ದಿನ ಅವಳ ಬಾಯಿಂದ ಆಡಬಾರದ ಮಾತೂ ಬಂದುಬಿಟ್ಟಿತು. "ಜಂಬಿ, ಖರೇ ಹೇಳು. ಫೋನಿನಾಗ ಏನಾರ ನೋಡಿ ಬರದೇನ?"

ಜಂಬಿ ತಾಯಿಯ ಮುಖವನ್ನೊಮ್ಮೆ ನೋಡಿ, ಗೋಡೆಯ ಕಡೆ ತಿರುಗಿ ಮಲಗಿದಳು. ಆ ಮಾತನ್ನು ವಾಪಸು ನುಂಗುವ ಹಾಗಿದ್ದರೆ ಕಾವೇರಿ ಕಲ್ಲಾದರೂ ನುಂಗಲು ತಯಾರಿದ್ದಳು. ಆದರೆ ಅಳುತ್ತ ಕೂರುವ ಜಾಯಮಾನ ಅವಳದಲ್ಲ. ಮಗಳು ಸುಳ್ಳು ಹೇಳಿಲ್ಲ, ಸರ್ ಲೆಕ್ಕವೂ ಸುಳ್ಳಲ್ಲ, ಹಾಗಾದರೆ ನಡುವೆ ಎಲ್ಲೋ ಏನೋ ಆಗಿದೆ. ಅದನ್ನು ಹಿಡಿಯದೆ ಬಿಡುವುದಿಲ್ಲ ಎಂದು ಪಟ್ಟು ಹಿಡಿದಳು. ಊಟ ಮಾಡುವಾಗ ಅದೇ, ಬಸ್ಸಿನಲ್ಲಿ ಅದೇ.

ಒಂದು ವಾರದ ಮೇಲೆ ಮೋಕದಿಂದ ಬರುವ ಅಕ್ಕನಾಗಮ್ಮ ಎಂಬ ನಡುವಯಸ್ಸಿನ ಹೆಂಗಸು ಹೊಲಿಗೆ ಮನೆಗೆ ಹೊಸದಾಗಿ ಸೇರಿದಳು. ಕೆಲಸ ಕಲಿಸುವ ಪಾಲು ಕಾವೇರಿಗೆ ಬಂತು.

"ನೋಡಬೇ, ಎಡಗಾಲಿನ ಪೀಸಿಗೆ ಜೇಬಿನ ಗುರುತು ಹಾಕು. ಬಲಗಾಲಿಗೆ ಮತ್ತ ಅಳತಿ ಹಿಡಿಯೋದು ಬ್ಯಾಡ. ಎರಡೂ ಮುಖಕ್ಕ ಮುಖ ಇಡು. ಮ್ಯಾಲೆ ಬಡಿ. ಎತ್ತು. ಎಡದ ಜೇಬು ಬಲಕ್ಕ ಬಂತೋ ಇಲ್ಲೋ?"

"ಬಂತಲ್ಲಬೇ! ಉಲ್ಟಾ ಆಗಿ ಸರಿಯಾಗಿ ಬಂತು."

ಕಾವೇರಿಯ ಕೈ ಬಟ್ಟೆಯ ಮೇಲೆ ಹಾಗೇ ನಿಂತಿತು. ಪ್ಯಾಂಟಿಗೆ ಎಡಗಾಲು ಬಲಗಾಲು ಎರಡೂ ಬೇಕು, ಅದಕ್ಕೆ ಉಲ್ಟಾ ಆಗಲೇಬೇಕು. ಚಂದ್ರನಿಗೆ? ಅಯ್ಯೋ ನನ್ನ ಕೈ ಮುರಿಯ! ಕನ್ನಡಿ ಪೈಪಿನೊಳಗೆ ಇರಲಿಲ್ಲ, ಇವಳ ಅಂಗೈಯಲ್ಲಿತ್ತು. ಹನ್ನೆರಡು ವರ್ಷದ ಹೊಲಿಗೆಯ ರೂಢಿ ಮಗಳ ಚಂದ್ರನನ್ನು ಎಡಗಾಲಿನಿಂದ ಬಲಗಾಲಿಗೆ ದಾಟಿಸಿಬಿಟ್ಟಿತ್ತು. ತಾನೇ ಕೆಡಿಸಿ, ತಾನೇ ಕೊಡವಿ, ಕಡೆಗೆ ತಾನೇ ಮಗಳನ್ನು ಸುಳ್ಳಿಯೇ ಎಂದು ಕೇಳಿದ್ದಳು. ಅವಳು ಎದ್ದು ಚಪ್ಪಲಿ ಮೆಟ್ಟಿದಳು.

"ಅರ್ಧ ದಿನದ್ದು ಕಟ್ ಆಗತೈತಿ ನೋಡು!" ಎಂದು ಮೇಸ್ತ್ರಿ ದೊಡ್ಡಬಸಪ್ಪ ಕೂಗಿದ.

"ಪೂರಾ ದಿನದ್ದು ಮಾಡ್ಕೊ ಮಾರಾಯ" ಎಂದು ಹೊರಟೇಬಿಟ್ಟಳು.

ಶಾಲೆ ಬಿಟ್ಟು ಬಂದ ಜಂಬಿಯನ್ನು ಮನೆಯಲ್ಲಿ ಕೂರಿಸಿಕೊಂಡು ನಡೆದದ್ದನ್ನೆಲ್ಲ ಹೇಳಿದಳು. "ನಿನ್ನ ಕಣ್ಣು ಸರಿ ಅದಾವ. ನನ್ನ ಕೈ ತಪ್ಪು ಮಾಡೇತಿ. ಮ್ಯಾಲೆ ನಿನ್ನನ್ನ ಹಂಗ ಕೇಳಿದೆನಲ್ಲ, ಅದು ಇನ್ನೂ ದೊಡ್ಡ ತಪ್ಪು." ಜಂಬಿ ಓಡಿ ಬಂದು ತಬ್ಬಿಕೊಳ್ಳುತ್ತಾಳೆ ಎಂದು ನೀವು ತಿಳಿದಿದ್ದರೆ ಆ ಹುಡುಗಿ ನಿಮಗೆ ಗೊತ್ತಿಲ್ಲ. ಮುಖ ಊದಿಸಿಕೊಂಡೇ ಹೇಳಿದಳು. "ನನಗ ಹೇಳಿ ಏನು ಮಾಡ್ತಿ? ಆ ಸರ್‌ಗ ಹೇಳು."

ಮರುದಿನ ಕಾವೇರಿ ಸಿರುಗುಪ್ಪದ ಬಸ್ ಹತ್ತಿದಳು. ಭತ್ತದ ಗದ್ದೆಗಳ ನಡುವೆ, ಅಕ್ಕಿ ಗಿರಣಿಗಳ ಧೂಳಿನಲ್ಲಿ, ಹಾಳೆಯನ್ನು ಕೂಸಿನಂತೆ ಮಡಿಲಲ್ಲಿಟ್ಟುಕೊಂಡು ಹೋದಳು. ಅಲ್ಲಿ ಇಲ್ಲಿ ಕೇಳಿ ಮರಿಬಸಪ್ಪ ಸರ್ ಮನೆ ಹಿಡಿದಳು. ಅವರು ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದರು. ಪೂರ್ತಿ ಕೇಳಿಸಿಕೊಂಡು ಹೇಳಿದರು. "ಕಥಿ ಚಲೋ ಐತಮ್ಮ. ಸಾಕ್ಷಿ?"

"ನಿಮ್ಮ ಎಡಗೈ ಇದರ ಮ್ಯಾಲೆ ಇಡ್ರಿ" ಎಂದು ಕಾವೇರಿ ಚೀಲದಿಂದ ಜೀನ್ಸಿನ ತುಂಡು ತೆಗೆದಳು. ಅವರ ಕೈಯ ಸುತ್ತ ಚಾಕ್‌ಪೀಸಿನಿಂದ ಗೆರೆ ಹೊಡೆದು, ಹೆಬ್ಬೆರಳಿನ ಉಗುರನ್ನೂ ಬರೆದು, ಬಟ್ಟೆಯನ್ನು ಕಪ್ಪು ಹಾಳೆಯ ಮೇಲೆ ಬೋರಲು ಹಾಕಿ ಪಟಪಟ ಬಡಿದಳು. ಎತ್ತಿದರೆ ಹಾಳೆಯ ಮೇಲೆ ಬಲಗೈ.

ಸರ್ ತಮ್ಮ ಎಡಗೈ ನೋಡಿಕೊಂಡರು, ಹಾಳೆ ನೋಡಿದರು. ಜಂಬಿಯ ಚಿತ್ರ ಎತ್ತಿಕೊಂಡು ಕೈತೊಳೆಯುವ ಜಾಗದಲ್ಲಿದ್ದ ಕನ್ನಡಿಯ ಮುಂದೆ ಹೋಗಿ, ಬುಡಮೇಲು ಹಿಡಿದು ನಿಂತರು. ಕನ್ನಡಿಯೊಳಗೆ ಗುಂಡು ಕಲೆ ಎಲ್ಲಿರಬೇಕೋ ಅಲ್ಲಿ ಬಂದು ಕೂತಿತ್ತು. ಸರ್ ಎಷ್ಟು ಹೊತ್ತು ಹಾಗೆ ನಿಂತರೆಂದರೆ ಒಳಗಿಂದ ಅವರ ಹೆಂಡತಿ ಇಣುಕಿ ನೋಡಿ ಹೋದರು.

"ತಪ್ಪಾತಮ್ಮ" ಎಂದರು ಕಡೆಗೆ. "ಆದ್ರ ಬಹುಮಾನ ಎಲ್ಲಾ ಹಂಚಿ ಆಗೇತಿ. ಬೇಕಾದ್ರ ಒಂದು ಕಾಗದ ಬರದು ಕೊಡ್ತೀನಿ."

"ಬಹುಮಾನ ಯಾರಿಗೆ ಬೇಕಾಗೇತ್ರಿ? ಕಾಗದಾನೂ ಬ್ಯಾಡ. ನನ್ನ ಮಗಳು ಪೈಪಿಗೆ ಕಣ್ಣು ಹಚ್ಚೋದು ಬಿಟ್ಟಾಳ. ತನ್ನ ಕಣ್ಣ ಮ್ಯಾಲೆ ತನಗ ನಂಬಿಕಿ ಹೋಗೇತಿ ಆಕಿಗೆ. ಹತ್ತು ಮಂದಿ ಮುಂದ ಆಕಿ ಮುಖ ನೋಡಿ ಹೇಳಿದ್ರಿ. ಹಂಗ ಮುಖ ನೋಡೇ ವಾಪಸ್ ತಗೋರಿ. ಅಷ್ಟ ನಾ ಕೇಳೋದು."

"ಮುಂದಿನ ಶುಕ್ಲ ಅಷ್ಟಮಿಗೆ ಬರ್ತೀನಿ" ಎಂದರು ಸರ್.

ಬರುತ್ತಾರೆಂದು ಕಾವೇರಿಗೆ ಅರ್ಧ ನಂಬಿಕೆ. ಆದರೂ ಅಷ್ಟಮಿಯ ಸಂಜೆ ಪೈಪನ್ನು ಹೊರಗೆಳೆದು ಕುರ್ಚಿಗೆ ಕಟ್ಟಿದಳು. ಓಣಿಯ ಮಕ್ಕಳು, ಸುಳ್ಳಬುರುಕಿ ಎಂದವರೂ ಸೇರಿ, ಮಾಳಿಗೆ ತುಂಬ ನೆರೆದರು. ಜಂಬಿ ಮೂಲೆಯಲ್ಲಿ ಕೈಕಟ್ಟಿ ನಿಂತಳು. ಏಳು ಗಂಟೆಗೆ ಮೆಟ್ಟಿಲ ಮೇಲೆ ಏದುಸಿರು ಕೇಳಿತು. ಮರಿಬಸಪ್ಪ ಸರ್ ಮೊಣಕಾಲು ಹಿಡಿದುಕೊಂಡು ಹತ್ತಿ ಬಂದರು. ಸುಧಾರಿಸಿಕೊಂಡು, ಎಲ್ಲ ಮಕ್ಕಳಿಗೂ ಕೇಳುವಂತೆ ಹೇಳಿದರು.

"ಜಂಬಮ್ಮ, ನೀನು ನೋಡೇ ಬರದಿದ್ದಿ. ನಾನು ಸುಳ್ಳು ಅಂದೆ. ನಂದ ತಪ್ಪು."

ಜಂಬಿ ಅಲುಗಾಡಲಿಲ್ಲ.

"ಆವತ್ತು ಪೈಪ್ ತಂದಿದ್ವಿ ಸರ್. ನಿಮ್ಮ ಮುಂದ ಇತ್ತು. ನೀವು ಕಣ್ಣ ಹಚ್ಚಲಿಲ್ಲ."

ಕಾವೇರಿಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು, ದೊಡ್ಡವರ ಮುಂದೆ ಇದೇನು ಮಾತು ಎಂದು. ಆದರೆ ತಡೆಯಲಿಲ್ಲ. ಸರ್ ತಲೆ ತಗ್ಗಿಸಿದರು.

"ಹೌದವ್ವ. ಆವತ್ತಷ್ಟ ಅಲ್ಲ, ಯಾವತ್ತೂ ಹಚ್ಚಿಲ್ಲ. ಮೂವತ್ತು ವರ್ಷ ಬೋರ್ಡಿನ ಮ್ಯಾಲೆ ಗೆರಿ ಎಳದು ಪಾಠ ಹೇಳೀನಿ. ಗಾಜಿನೊಳಗ ಚಂದ್ರನ್ನ ನೋಡಿಲ್ಲ."

"ಹಂಗಾರ ನೋಡ್ರಿ" ಎಂದಳು ಜಂಬಿ. ಜೀನ್ಸಿನ ತುಂಡನ್ನೂ ಚಾಕ್‌ಪೀಸನ್ನೂ ಅವರ ಕೈಗೆ ಕೊಟ್ಟಳು. "ನೋಡಿ ಬರೀರಿ" ಎಂದು ಮತ್ತೆ ಮೂಲೆಗೆ ಹೋಗಿ ನಿಂತಳು.

ಸರ್ ಬಗ್ಗಿ ಕಣ್ಣು ಹಚ್ಚಿದರು. "ಶಿವ ಶಿವಾ" ಎಂದರು. ನೋಡಿದರು, ಬರೆದರು, ಅಂಗೈಯಿಂದ ಒರೆಸಿದರು, ಮತ್ತೆ ನೋಡಿದರು. ಮಕ್ಕಳು ಪಿಸುಗುಟ್ಟುತ್ತ ಸುತ್ತ ಕುಕ್ಕರಗಾಲಲ್ಲಿ ಕೂತರು. ಅರ್ಧ ತಾಸಿನ ಮೇಲೆ ಸರ್ ಬಟ್ಟೆ ಎತ್ತಿ ತೋರಿಸಿದರು.

"ಆತೇನ್ರಿ?" ಎಂದಳು ಜಂಬಿ.

"ಆತವ್ವ. ಸರಿ ಐತೇನು ನೋಡು."

ಸರಿಯಿದೆಯೋ ಇಲ್ಲವೋ ಹೇಳಬೇಕಾದರೆ ನೋಡಲೇಬೇಕಲ್ಲ. ಜಂಬಿ ಬಟ್ಟೆಯನ್ನು ನೋಡಿದಳು, ಪೈಪನ್ನು ನೋಡಿದಳು. ಹುಡುಗಿ ಮೂಲೆ ಬಿಟ್ಟು ಬಂದು, ಜರುಗಿದ್ದ ಚಂದ್ರನ ಕಡೆಗೆ ಕುರ್ಚಿಯನ್ನು ಚೂರು ಎಳೆದು, ಕೂದಲು ಹಿಂದೆ ಸರಿಸಿ, ಗಾಜಿಗೆ ಕಣ್ಣು ಹಚ್ಚಿದಳು. ಒಂದು ಸಲ. ಬಟ್ಟೆ ನೋಡಿ ಇನ್ನೊಂದು ಸಲ. ಕಾವೇರಿಯ ಕಣ್ಣು ತುಂಬಿ ಬಂದವು, ಒರೆಸಿಕೊಳ್ಳಲೂ ಇಲ್ಲ.

"ಇಲ್ಲಿ ತಪ್ಪೈತ್ರಿ ಸರ್" ಎಂದಳು ಜಂಬಿ, ಬೆರಳಿಟ್ಟು. "ಮುನಿಸಿಕೊಂಡ ಕೆರಿ ಅಂಚಿಗೆ ಹತ್ತಿಲ್ಲ. ನಡುವ ಬೆಳ್ಳಗ ಜಾಗ ಐತಿ. ನಾ ನೋಡೀನಿ."

ಸಂತೋಷಕ್ಕೆ ಏನು ಮಾಡಬೇಕೆಂದು ತಿಳಿಯದ ಕಾವೇರಿ, ಆ ತಪ್ಪು ಗೆರೆಯನ್ನಾದರೂ ಒರೆಸೋಣವೆಂದು ಬಟ್ಟೆಗೆ ಕೈ ಚಾಚಿದಳು.

"ಅವ್ವಾ! ನೀ ಮುಟ್ಟಬ್ಯಾಡ!"

ಮಾಳಿಗೆಯೆಲ್ಲ ಗೊಳ್ಳೆಂದಿತು. ಸರ್ ಕೂಡ ನಕ್ಕರು. ಕಾವೇರಿ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ನಗುತ್ತ, ಮೂಗು ಎಳೆಯುತ್ತ ಹಿಂದೆ ಸರಿದು ನಿಂತಳು.

"ಇನ್ನೊಮ್ಮಿ ನೋಡ್ರಿ ಸರ್" ಎಂದು ಜಂಬಿ ಕುರ್ಚಿಯನ್ನು ಅವರ ಕಡೆ ಎಳೆದುಕೊಟ್ಟಳು. ಮರಿಬಸಪ್ಪ ಸರ್ ಮತ್ತೆ ಬಗ್ಗಿದರು. ಅವರು ಸರಿಯಾಗಿ ನೋಡುವವರೆಗೂ ಹುಡುಗಿ ಪಕ್ಕದಲ್ಲೇ ನಿಂತು ಕಾಯ್ದಳು.